ಭಾವನ ಜಪಾನಿ ಸಾಣೆಕಲ್ಲು

ನನ್ನ ಹೆಂಡತಿಯ ಅಣ್ಣ, ಎಂದರೆ ನನ್ನ ಭಾವ, ಯಾವ ಕೆಲಸವನ್ನೂ ಕೊನೆಯಿಂದ ಶುರುಮಾಡುವವರ ಪೈಕಿ. ಈಜಲು ಬಾರದಿದ್ದರೂ ಮೊದಲು ಈಜುಗನ್ನಡಕ ಕೊಂಡಿದ್ದರು. ಮಡಚುವ ಕ್ಷೌರದ ಕತ್ತಿಯ ಹುಚ್ಚು ಹಿಡಿದಾಗಲೂ ಅವರು ಮೊದಲು ತರಿಸಿದ್ದು ನಯದ ಸಾಣೆಕಲ್ಲು, ಅದೂ ಜಪಾನಿನಿಂದ.

ಆ ಹುಚ್ಚಿಗೆ ಕಾರಣ ನಾನೇ ಎಂದು ಹೆಂಡತಿ ಈಗಲೂ ದೂರುತ್ತಾಳೆ. ನಾನು ಡೊಂಬಿವಲಿಯ ಮನೆಯಲ್ಲಿ ಅಂಥ ಕತ್ತಿಯಿಂದ ಗಡ್ಡ ಹೆರೆದುಕೊಳ್ಳುತ್ತಿದ್ದುದು ನಿಜ, ಆದರೆ ಶೋಕಿಗಲ್ಲ. ಸಾಮಾನ್ಯ ರೇಜರ್ ತಾಗಿದರೆ ನನ್ನ ಕುತ್ತಿಗೆ ತುಂಬ ಗುಳ್ಳೆ ಏಳುತ್ತದೆ, ಕಾಲರ್ ತಗುಲಿದರೆ ಉರಿಯುತ್ತದೆ. ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅದೊಂದು ಶಿಕ್ಷೆ. ಥಾಣೆಯ ಪೇಟೆಯಲ್ಲಿ ಒರಟು, ನಡುತರ, ನಯ ಎಂದು ಬೇರೆ ಬೇರೆ ಕಲ್ಲು ಕೊಂಡು, ಒಂದೆರಡು ಕತ್ತಿ ಹಾಳುಮಾಡಿ ಕಲಿತಿದ್ದೆ. ಕಲಿಯಬೇಕಾದ್ದು ಹೆಚ್ಚೇನೂ ಇಲ್ಲ. ಅಲಗಿನ ಎರಡೂ ಬದಿ ಒಂದೇ ಗೆರೆಯಲ್ಲಿ ಬಂದು ಕೂಡಬೇಕು. ಕೂಡಿಸುವುದು ಒರಟು ಕಲ್ಲು. ಆ ಕಲ್ಲು ಬಿಟ್ಟ ಗೀರನ್ನು ಅಳಿಸುವುದಷ್ಟೇ ನಯದ ಕಲ್ಲಿನ ಕೆಲಸ. ಇಲ್ಲದ ಹರಿತವನ್ನು ಅದು ಎಲ್ಲಿಂದಲೂ ತಂದುಕೊಡುವುದಿಲ್ಲ.

ಇದನ್ನು ಭಾವನಿಗೆ ಹೇಳಿದೆ. ಅವರು ನಕ್ಕರು. “ನಿಮ್ಮದು ಮಾರ್ಕೆಟ್ ಕಲ್ಲು ಮಾರಾಯ್ರೆ. ಇದು ಬೆಟ್ಟದ ಹೊಟ್ಟೆಯಿಂದ ತೆಗೆದದ್ದು. ಇದಕ್ಕೆ ಆ ರೂಲ್ ಎಲ್ಲ ಇಲ್ಲ.”

ಭಾನುವಾರಗಳಂದು ಸೀವುಡ್ಸಿನ ಅವರ ಫ್ಲ್ಯಾಟಿನಲ್ಲಿ ಇಂಟರ್ನೆಟ್ಟಿನಲ್ಲಿ ಪರಿಚಯವಾದ ಗೆಳೆಯರು ಸೇರುತ್ತಿದ್ದರು. ಒಬ್ಬ ಐರೋಲಿಯ ಐಟಿ ಮ್ಯಾನೇಜರ್. ಇನ್ನೊಬ್ಬ ಸಾನಪಾಡಾದ ದಂತವೈದ್ಯ, ಹೊಕ್ಕುಳವರೆಗೆ ಅಲ್ಲದಿದ್ದರೂ ಎದೆಯವರೆಗೆ ಗಡ್ಡ ಬಿಟ್ಟವನು. ಗಡ್ಡ ಹೆರೆಯುವ ಕತ್ತಿಯ ಬಗ್ಗೆ ಅತಿ ಹೆಚ್ಚು ಮಾತಾಡುತ್ತಿದ್ದವನೂ ಅವನೇ. ಕಲ್ಲನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟರೆ ಸುತ್ತ ಕೂರುತ್ತಿದ್ದರು, ಹೆಣ್ಣು ನೋಡಲು ಬಂದವರ ಹಾಗೆ. ನಲ್ಲಿನೀರು ತಾಗಕೂಡದಂತೆ, ಕುಡಿಯುವ ಫಿಲ್ಟರ್ ನೀರನ್ನೇ ತೊಟ್ಟು ತೊಟ್ಟಾಗಿ ಬಿಡಬೇಕು. ಕತ್ತಿ ಎಳೆದಾಗ ಬರುವ ಸದ್ದು ಕೇಳಿ ದಂತವೈದ್ಯ ಕಣ್ಣುಮುಚ್ಚಿ, “ಸ್ವರ ಉಂಟು ಇದರಲ್ಲಿ” ಎನ್ನುತ್ತಿದ್ದ. ಮೊಂಡು ಕತ್ತಿಯನ್ನು ಗಾಜಿನ ಮೇಲೆ ಎಳೆದಿದ್ದರೂ ಅವನಿಗೆ ಸ್ವರ ಕೇಳುತ್ತಿತ್ತು. ನಾನು ಅತ್ತಿಗೆ ಕೊಟ್ಟ ಗೋಳಿಬಜೆ ತಿನ್ನುತ್ತಿದ್ದೆ. ಅಂಥ ಸಭೆಯಲ್ಲಿ ಬಾಯಿಗೆ ಗೋಳಿಬಜೆಯೇ ಮರ್ಯಾದೆಯ ಕೆಲಸ.

ಒಮ್ಮೆ ಕೈತೊಳೆಯಲು ಬಾತ್‌ರೂಮಿಗೆ ಹೋದೆ. ಕನ್ನಡಿಯ ಕೆಳಗೆ ಮೂರು ಬ್ಲೇಡಿನ ಪ್ಲಾಸ್ಟಿಕ್ ರೇಜರ್ ಇತ್ತು. ಒದ್ದೆಯಾಗಿತ್ತು, ನೊರೆ ಇನ್ನೂ ಅಂಟಿತ್ತು. ಹೊರಗೆ ಭಾವ ನುಣುಪು ಕೆನ್ನೆ ಸವರಿಕೊಂಡು, “ನೋಡಿ, ಇದು ಈ ಕಲ್ಲಿನ ಮಹಿಮೆ” ಎನ್ನುತ್ತಿದ್ದರು. ಸುಳ್ಳು ಹೇಳುವವನಿಗಿಂತ ಅದನ್ನು ನಂಬಿ ತಲೆಯಾಡಿಸುತ್ತಿದ್ದ ಆ ಇಬ್ಬರನ್ನು ಕಂಡು ನನಗೆ ಹೆಚ್ಚು ಹೇಸಿಗೆಯಾಯಿತು.

ಮುಂದೆ ಭಾವನ ಮಗನ ಮದುವೆ ಗೊತ್ತಾಯಿತು. ಹುಡುಗ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಮದುವೆಯ ಬೆಳಿಗ್ಗೆ ಮದುಮಗನ ಗಡ್ಡವನ್ನು ತಾನೇ ಹೆರೆಯುವುದಾಗಿ ಭಾವ ಎಲ್ಲರೆದುರು ಸಾರಿದರು. ಮದುವೆಯ ಹಿಂದಿನ ವಾರ ನಾನು ಅವರ ಕತ್ತಿಯನ್ನು ಕೇಳಿ ಪಡೆದು ಮುಂಗೈ ಕೂದಲಿನ ಮೇಲೆ ಎಳೆದು ನೋಡಿದೆ. ಕೂದಲು ಮಲಗಿ ಮತ್ತೆ ಎದ್ದವು.

“ಭಾವ, ಇದಕ್ಕೆ ಬಾಯಿಯೇ ಇಲ್ಲ. ಮೊದಲು ಒರಟು ಕಲ್ಲಿಗೆ ಹಾಕಬೇಕು. ಕೊಡಿ, ನಾನು ಮಾಡಿ ತರ್ತೇನೆ.”

“ಒರಟು ಕಲ್ಲಿಗಾ? ನಿಮಗೆಂತ ಮರ್ಲಾ? ಇಷ್ಟು ದಿನ ನಯ ಮಾಡಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ ಆಗ್ತದೆ.” ಕತ್ತಿಯನ್ನು ಕಸಿದುಕೊಂಡರು.

ಮದುವೆ ಥಾಣೆಯ ಒಂದು ಕಲ್ಯಾಣಮಂಟಪದಲ್ಲಿ. ಮದುಮಗನ ಕೋಣೆಯಲ್ಲಿ ಹುಡುಗನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿ, ಮುಖಕ್ಕೆ ನೊರೆ ಹಚ್ಚಿದರು. ಮ್ಯಾನೇಜರ್ ಮೊಬೈಲಿನಲ್ಲಿ ವಿಡಿಯೊ ಹಿಡಿದ. ದಂತವೈದ್ಯ ಕಲ್ಲಿನ ಊರು, ಬೆಟ್ಟ, ಪದರ ಎಲ್ಲವನ್ನೂ ವಿವರಿಸಿದ. ಭಾವ ಕಿವಿಯ ಬಳಿಯಿಂದ ಕತ್ತಿ ಎಳೆದರು. ಕತ್ತಿ ಹೋಗಲಿಲ್ಲ. ಚರ್ಮ ಕತ್ತಿಯ ಜೊತೆಗೇ ಜಗ್ಗಿ ಬಂತು.

“ಪಪ್ಪಾ, ಜಲ್ ರಹಾ ಹೈ!”

“ಉರಿಯುವುದಿಲ್ಲ, ಸುಮ್ಮನೆ ಕೂತ್ಕೊ. ಉಸಿರು ಬಿಡು.”

ಭಾವ ಕೈ ಒತ್ತಿ ಇನ್ನೊಮ್ಮೆ ಎಳೆದರು. ಹರಿತವಿಲ್ಲದ ಕತ್ತಿಯನ್ನು ಒತ್ತಿದರೆ ಅದು ಹೆರೆಯುವುದಿಲ್ಲ, ಅಗೆಯುತ್ತದೆ. ದವಡೆಯ ಮೂಲೆಯಲ್ಲಿ ಬಿಳಿ ನೊರೆ ಕೆಂಪಾಯಿತು. ಹುಡುಗ ಹಾರಿ ಎದ್ದು, ಅಪ್ಪನ ಕೈಯನ್ನು ದೂಡಿ, ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡ. ಮ್ಯಾನೇಜರನ ವಿಡಿಯೊ ಇನ್ನೂ ಓಡುತ್ತಲೇ ಇತ್ತು. ದಂತವೈದ್ಯ, “ಹುಡುಗನ ಚರ್ಮವೇ ಸರಿಯಿಲ್ಲ ಅನ್ನಿಸ್ತದೆ” ಎಂದ. ಆ ಮಾತಿಗೆ ಅತ್ತಿಗೆ ಅವನನ್ನು ನೋಡಿದ ನೋಟ ಯಾವ ಕಲ್ಲಿಗೂ ತಿಕ್ಕದೆ ಹರಿತವಾಗಿತ್ತು. ಅವರೇ ಕೆಳಗಿನ ಅಂಗಡಿಯಿಂದ ಒಂದು ಯೂಸ್ ಅಂಡ್ ತ್ರೋ ರೇಜರ್ ತರಿಸಿ ಬಚ್ಚಲಿನ ಬಾಗಿಲು ಬಡಿದರು. ಹುಡುಗ ತಾನೇ ಗಡ್ಡ ತೆಗೆದುಕೊಂಡು ಬಂದ, ದವಡೆಗೆ ಹತ್ತಿ ಅಂಟಿಸಿಕೊಂಡು. ಧಾರೆಯ ಫೋಟೊಗಳಲ್ಲೆಲ್ಲ ಅವನು ಗಾಯ ಕಾಣದಂತೆ ಎಡಕ್ಕೇ ತಿರುಗಿದ್ದಾನೆ.

ಭಾವ ನಾಚಿಕೆಪಡುತ್ತಾರೆ ಎಂದುಕೊಂಡಿದ್ದೆ. ಮದುವೆ ಮುಗಿದ ಮೇಲೆ ಅವರು ಕಂಡುಕೊಂಡ ಸತ್ಯವೆಂದರೆ ಕಲ್ಲು ನಕಲಿ, ಮಾರಿದವನು ಮೋಸಗಾರ. ಬೆಲ್ಜಿಯಮ್ಮಿನ ಹಳದಿ ಕಲ್ಲೊಂದನ್ನು ಆಗಲೇ ತರಿಸಲು ಹೇಳಿದ್ದರು. ಜಪಾನಿ ಕಲ್ಲನ್ನು ರೇಷ್ಮೆ ಬಟ್ಟೆಯಿಲ್ಲದೆ ನನ್ನ ಕೈಗೆ ಹಾಕಿ, “ಅಡುಗೆಮನೆ ಚೂರಿಗಾದರೂ ಆಗ್ತದೆ, ತಕೊಳ್ಳಿ” ಎಂದರು.

ಮನೆಗೆ ತಂದು ನಲ್ಲಿನೀರಿನಲ್ಲೇ ತೊಳೆದೆ. ನನ್ನ ಕತ್ತಿಗೆ ಒರಟು ಕಲ್ಲಿನಲ್ಲಿ ಬಾಯಿ ಕೊಟ್ಟು, ನಡುತರದ ಕಲ್ಲಿನಲ್ಲಿ ತಿದ್ದಿ, ಕೊನೆಗೆ ಇದರ ಮೇಲೆ ಕತ್ತಿಯ ತೂಕವಷ್ಟೇ ಬೀಳುವಂತೆ ಎಳೆದೆ. ಆಮೇಲೆ ಚರ್ಮದ ಪಟ್ಟಿಗೆ ಸವರಿ ಗಡ್ಡ ಹೆರೆದೆ. ಕುತ್ತಿಗೆ ಮೇಲೆ ಕತ್ತಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ನಕಲಿಯಂತೆ! ಇಷ್ಟು ಒಳ್ಳೆಯ ಕಲ್ಲು ಅಷ್ಟು ಕಾಲ ಅಂಥವರ ನಡುವೆ ಕೂತು ಹೊಗಳಿಸಿಕೊಂಡಿತಲ್ಲ ಎಂದು ಕನಿಕರವಾಯಿತು.

ಭಾವನಿಗೆ ಫೋನ್ ಮಾಡಿ ಹೇಳಿದೆ. “ನಿಮ್ಮ ಗಡ್ಡ ಮೆದು, ಅದಕ್ಕೆ” ಎಂದರು.

ಬದಿಯಲ್ಲೇ ಬೀನ್ಸ್ ಮುರಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. “ಅವನಿಗೆ ಹೇಳಿದ್ದು ಸಾಕು. ಆ ಕಲ್ಲನ್ನು ಸಿಂಕಿನಿಂದ ತೆಗೀರಿ, ಪಾತ್ರೆ ತೊಳೀಬೇಕು.”