ನಾನು ಕಲಿಸಿಕೊಟ್ಟ ಹಿಂದಿ

ಚೀನಾದವರ ಜೊತೆ ಯುದ್ಧ ಶುರುವಾದಾಗ ನಾನು ಡಿಗ್ರಿ ಫೇಲಾಗಿ ಜಯನಗರದ ಮನೆಯಲ್ಲಿ ಕೂತಿದ್ದೆ. ಅಪ್ಪನ ಎದುರು ಊಟಕ್ಕೆ ಕೂರುವುದೇ ಕಷ್ಟವಾಗಿ ಸೈನ್ಯಕ್ಕೆ ಹೆಸರು ಕೊಟ್ಟೆ. ಬೀದಿಯವರು ಅದನ್ನು ದೇಶಪ್ರೇಮ ಅಂದುಕೊಂಡರು. ನಾನೂ ಹಾಗೇ ಬಿಟ್ಟೆ.

ತರಬೇತಿ ಬೆಂಗಳೂರಿನಲ್ಲೇ, ಊರಿನ ಇನ್ನೊಂದು ತುದಿಯಲ್ಲಿ. ನನ್ನ ಪಕ್ಕದ ಮಂಚದಲ್ಲಿ ಕೋಣನಕುಂಟೆಯ ಒಬ್ಬ ಒಕ್ಕಲು ಮಗ, ನನ್ನದೇ ವಯಸ್ಸಿನವನು. ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ಕಣ್ಣು ಅವನದು. ಗುರಿಯಿಟ್ಟು ಹೊಡೆಯುವುದರಲ್ಲಿ ನಮ್ಮಲ್ಲಿ ಯಾರೂ ಅವನ ಹತ್ತಿರಕ್ಕೆ ಬರುತ್ತಿರಲಿಲ್ಲ. ಆದರೆ ಹಿಂದಿ ಒಂದಕ್ಷರ ಬಾರದು. ಕವಾಯತು ಕಲಿಸುವ ಹವಾಲ್ದಾರರಿಗೆ ಹಿಂದಿ ಬಿಟ್ಟು ಬೇರೆ ಬಾರದು. ಹಿಂದಿ ಪರೀಕ್ಷೆ ಕಟ್ಟಿ ಪಾಸಾಗಿದ್ದ ನಾನು ಅವನಿಗೆ ಕಿವಿಯಾದೆ.

ಮೊದಮೊದಲು ಸರಿಯಾಗಿಯೇ ಹೇಳುತ್ತಿದ್ದೆ. ಒಂದು ದಿನ ಹವಾಲ್ದಾರರು 'ಪೀಛೇ ಮುಡ್' ಎಂದು ಕೂಗಿದಾಗ, "ಕೂತ್ಕೋ ಅಂತಿದಾರೆ" ಎಂದು ಪಿಸುಗುಟ್ಟಿದೆ. ಸಾಲಿಗೆ ಸಾಲೇ ಹಿಂದೆ ತಿರುಗಿತು. ಇವನೊಬ್ಬ ಬಂದೂಕು ತಬ್ಬಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ನಗು ತಡೆಯಲಾರದೆ ಹವಾಲ್ದಾರರೂ ಮುಖ ಆಚೆ ತಿರುಗಿಸಿದರು. ಆಮೇಲೆ ಅವನಿಗೆ ಬಂದೂಕು ತಲೆಯ ಮೇಲೆತ್ತಿಕೊಂಡು ಮೈದಾನ ಮೂರು ಸುತ್ತು ಓಡುವ ಶಿಕ್ಷೆಯಾಯಿತು. ಏದುಸಿರು ಬಿಡುತ್ತ ಬಂದವನು ನನಗೇ ಹೇಳಿದ: "ನಂಗೇ ಸರಿಯಾಗಿ ಕೇಳಿಸ್ಲಿಲ್ಲ ಅಂತ ಕಾಣುತ್ತೆ ಕಣೋ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಎಲ್ಲರೂ ಬೆನ್ನು ತಟ್ಟಿದರು, ನಾನು ನಿಲ್ಲಿಸಲಿಲ್ಲ.

ಯಾರು ಯಾವ ಕೆಲಸಕ್ಕೆ ಎಂದು ದೊಡ್ಡ ಸಾಹೇಬರು ಆರಿಸುವ ಹಿಂದಿನ ದಿನ ಅವನು ಕೇಳಿದ: "ನಂಗೆ ಬಂದೂಕು ಚೆನ್ನಾಗಿ ಬರುತ್ತೆ ಅನ್ನೋದು ಹೆಂಗೆ?"

"ಮೈ ಅಚ್ಛೀ ರೋಟಿ ಬನಾತಾ ಹೂಂ, ಸಾಬ್," ಎಂದು ಹೇಳಿಕೊಟ್ಟೆ. ರೊಟ್ಟಿ ಚೆನ್ನಾಗಿ ಮಾಡ್ತೀನಿ ಅಂತ ಅರ್ಥ. ಸಂಜೆಯೆಲ್ಲ ಬಾಯಿಪಾಠ ಮಾಡಿದ.

ಮಾರನೆಯ ದಿನ ಎದೆಯುಬ್ಬಿಸಿ ಅದನ್ನೇ ಕೂಗಿದ. ಸಾಹೇಬರು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಅಡುಗೆಯವರಿಗೆ ಬರ ಇದ್ದ ಕಾಲ. ಸಂತೋಷದಿಂದ ಬರೆದುಕೊಂಡರು.

ಅವನ ಬಂದೂಕು ವಾಪಸು ಹೋಯಿತು. "ಯಾಕೋ ಇಸ್ಕೊಂಡ್ರು?" ಎಂದು ಕೇಳಿದ. "ಗೊತ್ತಿಲ್ಲ," ಎಂದೆ. ಮುದ್ದೆ ತಿಂದು ಬೆಳೆದವನು ಗೋಧಿಹಿಟ್ಟು ಮುಟ್ಟಿದವನಲ್ಲ. ಅವನ ಮೊದಲ ರೊಟ್ಟಿಯನ್ನು ಹವಾಲ್ದಾರರು ಬೂಟಿನ ಅಡಿಗೆ ಹಿಡಿದು ಅಳತೆ ನೋಡಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅವತ್ತು ನಗು ಬರಲಿಲ್ಲ.

ಒಂದು ಭಾನುವಾರ ರಜೆ ಸಿಕ್ಕಿತು. ಅವನು ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಅವನ ಅವ್ವ ಸೊಪ್ಪಿನ ಸಾರು ಬಡಿಸುತ್ತ, ಅವನು ಹೊರಟಾಗ ಊರವರೆಲ್ಲ ಹಾರ ಹಾಕಿದ್ದನ್ನು ಹೇಳಿದರು. ಆಮೇಲೆ, "ನಮ್ ಹೈದ ಕೋವಿ ಚೆನ್ನಾಗಿ ಹೊಡೀತಾನೇನಪ್ಪ?" ಎಂದರು.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇವನೇ ಫಸ್ಟು, ಅಮ್ಮ," ಎಂದೆ. ಬಂದೂಕು ಕೈಯಲ್ಲಿದ್ದಷ್ಟು ದಿನ ಅದು ನಿಜವೇ ಆಗಿತ್ತು.

ಬಸ್ಸಿಗೆಂದು ಕನಕಪುರ ರಸ್ತೆಗೆ ನಡೆದು ಬರುವಾಗ, "ಅವ್ವನ ಮುಂದೆ ನನ್ ಮಾನ ಉಳಿಸ್ದೆ," ಎಂದ. ಆ ಮಾತು ಕೇಳಿ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ, ಚಕ್ಕಳಮಕ್ಕಳ ಕೂರಿಸಿದ್ದನ್ನೂ ಸೇರಿಸಿ.

ಅವನು ನಿಂತ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ನಾಳೆ ಸಾಹೇಬ್ರಿಗೆ ಹೇಳ್ತೀಯಾ?" ಎಂದಷ್ಟೇ ಕೇಳಿದ.

"ಹೇಳ್ತೀನಿ."

ಬೆಳಗ್ಗೆ ಆಫೀಸಿನ ಬಾಗಿಲವರೆಗೆ ಹೋದೆ. ಗುಮಾಸ್ತ ತಲೆ ಎತ್ತಿ ಏನು ಬೇಕೆಂದ. ಕೆಲಸದಿಂದ ತೆಗೆದು ಮನೆಗೆ ಕಳಿಸಿದರೆ ಎಂದುಕೊಂಡಾಗ ಅಪ್ಪನ ಮುಖ ಕಣ್ಣೆದುರು ಬಂತು. "ನಂಗೇನಾದ್ರೂ ಕಾಗದ ಬಂದಿದೆಯಾ?" ಎಂದು ಕೇಳಿ ಹಿಂದಿರುಗಿದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ತರಬೇತಿ ಮುಗಿಯುವ ಮೊದಲೇ ಯುದ್ಧ ನಿಂತಿತು. ನಾವು ಬೇರೆ ಊರಿಗೆ ಹೊರಟ ದಿನ ಅಡುಗೆಮನೆಗೆ ಹೋಗಿ ಅವನತ್ತ ಕೈ ಚಾಚಿದೆ.

"ಕೈಯೆಲ್ಲ ಹಿಟ್ಟು," ಎಂದ.

ಅವನು ಬೇಳೆ ಆರಿಸುತ್ತಿದ್ದ.