ಪುರುಡು ಕಳೆಯುವ ಮೊದಲೇ

೧೯೯೮ರಲ್ಲಿ ನಾನು ಚಾಮರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಬಸವನಗುಡಿಯ ವಸುಧಾ ಚೊಚ್ಚಲ ಬಸುರಿ. ಎಲ್ಲ ಬಸುರಿಯರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಹೆಪಟೈಟಿಸ್ ಬಿ ಪಾಸಿಟಿವ್ ಬಂತು.

ಇದು ಲಿವರಿನಲ್ಲಿ ನೆಲೆಸುವ ವೈರಸ್. ಕೆಲವರಿಗೆ ಸುಸ್ತು, ವಾಕರಿಕೆ, ಗಾಢ ಬಣ್ಣದ ಮೂತ್ರ, ಹಳದಿ ಕಣ್ಣು ಕಾಣಿಸುತ್ತವೆ. ಎಷ್ಟೋ ಜನರಲ್ಲಿ ಏನೂ ಕಾಣಿಸದೆ ವರ್ಷಗಟ್ಟಲೆ ರಕ್ತದಲ್ಲಿ ಉಳಿದುಬಿಡುತ್ತದೆ. ವಸುಧಾ ಈ ಎರಡನೆಯ ಗುಂಪಿನವಳು.

ಅವಳ ಅತ್ತೆ ಶಾರದಮ್ಮ ಸೊಸೆಯ ರೆಪ್ಪೆ ಎಳೆದು ನನಗೇ ತೋರಿಸಿದರು. "ನೋಡಿ ಸಿಸ್ಟರ್, ಕಣ್ಣು ಮಲ್ಲಿಗೆ ಹಂಗೆ ಬೆಳ್ಳಗಿದೆ. ಇದಕ್ಕೆ ಕಾಮಾಲೆ ಅಂತಾರಾ? ನಿಮ್ ಲ್ಯಾಬಲ್ಲಿ ಸೀಸೆ ಅದಲುಬದಲಾಗಿದೆ ಅಷ್ಟೆ!"

ಮತ್ತೊಮ್ಮೆ ಪರೀಕ್ಷಿಸಿದರೂ ಅದೇ ಉತ್ತರ. ಲಿವರ್ ಚೆನ್ನಾಗಿದ್ದುದರಿಂದ ವಸುಧಾಗೆ ಆಗ ಔಷಧಿ ಬೇಕಿರಲಿಲ್ಲ, ಆಗಾಗ ತಪಾಸಣೆ ಸಾಕಿತ್ತು. ಅಪಾಯವಿದ್ದದ್ದು ಮಗುವಿಗೆ. ಹೆರಿಗೆಯ ವೇಳೆ ತಾಯಿಯ ರಕ್ತದಿಂದ ವೈರಸ್ ದಾಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದನ್ನು ತಡೆಯಲು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೊಡಬೇಕು. ಲಸಿಕೆ ಮೈಗೆ ಹೋರಾಟ ಕಲಿಸುತ್ತದೆ. ಮೈ ಕಲಿಯುವವರೆಗೆ ಕಾವಲಿಗೆ ನಿಲ್ಲುವುದು ಎರಡನೆಯದು.

ಬೆಳಗಿನ ಕಾಫಿ ಹೊತ್ತಿಗೆ ಗಂಡುಮಗು ಹುಟ್ಟಿತು. ಎರಡನೆಯ ಇಂಜೆಕ್ಷನ್ ಹುಡುಕಿಕೊಂಡು ವಸುಧಾಳ ಗಂಡ ಮುರಳಿ ಅಂಗಡಿ ಅಂಗಡಿ ಅಲೆದರು. ಮಧ್ಯಾಹ್ನ ಮನೆಯ ಕಾಫಿ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಔಷಧಿ ಹೆಪ್ಪುಗಟ್ಟದಂತೆ ಸೀಸೆಗೆ ದಪ್ಪ ಬಟ್ಟೆ ಸುತ್ತಿ ತಂದರು.

ಆದರೆ ಶಾರದಮ್ಮ ತೊಟ್ಟಿಲಿಗೆ ಅಡ್ಡ ನಿಂತಿದ್ದರು. "ಪುರುಡಲ್ಲಿ ಮಗುಗೆ ಹೊಸ ಬಟ್ಟೇನೇ ಹಾಕಲ್ಲ ನಾವು. ಹೊಸ ಸೂಜಿ ಚುಚ್ತೀರಾ? ಹನ್ನೊಂದು ದಿನ ಕಳೀಲಿ, ಎರಡಲ್ಲ, ನಾಲ್ಕು ಹಾಕಿ."

ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಮಗುವನ್ನು ನೋಡಿದೆ. ಕೆನ್ನೆಯ ಮೇಲೆ ಆಗಲೇ ಕಾಡಿಗೆಯ ಬೊಟ್ಟು!

"ದೃಷ್ಟಿಬೊಟ್ಟಿಗೆ ಪುರುಡು ಅಡ್ಡ ಬರ್ಲಿಲ್ವಾ ಅಮ್ಮ?"

"ಅದು ಮಗೂನ ಕಾಯೋದಲ್ವೇನ್ರೀ?"

"ಇದೂ ಕಾಯೋದೇ."

ಹಾಸಿಗೆಯಿಂದ ವಸುಧಾ ಸಣ್ಣ ದನಿಯಲ್ಲಿ ಅಂದಳು: "ಕೊಡ್ಸಿ ಅತ್ತೆ. ನನ್ ರಕ್ತದಲ್ಲಿರೋದು ಅದಕ್ಕೆ ಬೇಡ."

ಶಾರದಮ್ಮ ತೊಟ್ಟಿಲಿನತ್ತ ತಿರುಗಿದರು. ಆಮೇಲೆ ತಾವೇ ಮಗುವನ್ನೆತ್ತಿ ಹಿಡಿದುಕೊಂಡರು. "ಬೇಗ ಮುಗ್ಸಿ ತಾಯಿ. ಅವನು ಅತ್ರೆ ನಾನೂ ಅತ್ಬಿಡ್ತೀನಿ." ಇಬ್ಬರೂ ಅತ್ತರು. ಎದೆಹಾಲು ಕುಡಿಸಲು ಅಡ್ಡಿಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ವಸುಧಾ ಹಾಲೂಡಿಸಿದಳು, ಮಗು ಸುಮ್ಮನಾಯಿತು.

ಉಳಿದ ಡೋಸುಗಳೂ ಮುಗಿದು, ವರ್ಷ ತುಂಬಿದ ಮೇಲೆ ಮಗುವಿನ ರಕ್ತ ಪರೀಕ್ಷಿಸಿದೆವು. ವೈರಸ್ ಇರಲಿಲ್ಲ, ಅದನ್ನು ತಡೆಯುವ ಶಕ್ತಿ ಬೆಳೆದಿತ್ತು. ಆ ವರದಿಯನ್ನು ನಾನು ಎರಡೆರಡು ಸಲ ಓದಿದೆ. ಒಂಬತ್ತು ತಿಂಗಳು ಯಾವ ಒಡಲು ಹೊತ್ತಿತ್ತೋ, ಯಾವ ಎದೆಹಾಲು ಬೆಳೆಸಿತ್ತೋ, ಅದೇ ತಾಯಿಯ ರಕ್ತದ ವೈರಸ್ ಈ ಮಗುವನ್ನು ಮುಟ್ಟಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಎಷ್ಟೋ ಕಂಡಿದ್ದೇನೆ, ಇಂಥ ಬೆರಗು ಇನ್ನೊಂದಿಲ್ಲ.

ಕಣ್ಣಿಗೆ ಕಾಣದ್ದನ್ನು ಕಣ್ಣಿನಿಂದ ಅಳೆಯಬಾರದೆಂದು ನನ್ನ ಕೆಲಸ ಕಲಿಸಿತು. ಕಲಿತವಳು ನಾನೊಬ್ಬಳೇ ಅಲ್ಲ. ಮರುವರ್ಷ ಶಾರದಮ್ಮ ಬಸುರಿಯಾಗಿದ್ದ ಕಿರಿಸೊಸೆಯನ್ನು ಕೈಹಿಡಿದು ಕರೆತಂದು ನನ್ನೆದುರು ಕೂರಿಸಿದರು.

"ಇವಳ ಕಣ್ಣೂ ಬೆಳ್ಳಗಿದೆ ಸಿಸ್ಟರ್. ಅದಕ್ಕೇ ಕರ್ಕೊಂಡ್ಬಂದೆ."