ಮುಡಿ ಕೊಟ್ಟವರ ಮುಖ

2024ರಲ್ಲಿ, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ನಾನು ವಿಜಯವಾಡಕ್ಕೆ ಹೋಗಿದ್ದೆ. ಅಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸುವ ನನ್ನ ನಾದಿನಿ ಪದ್ಮ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದಳು. ನಿತ್ಯವೂ ಮುಖ ನೋಡಿಯೇ ಕೆಲಸ ಕೊಡುವ ಆ್ಯಪ್, ಅವಳನ್ನು ಬೇರೆ ಯಾರೋ ಎಂದು ಬಗೆದು, ಮೂರು ದಿನಗಳಿಂದ ಕೆಲಸವನ್ನೇ ಕೊಟ್ಟಿರಲಿಲ್ಲ.

"ದೇವರಿಗೆ ಗುರುತು ಸಿಕ್ತು ಭಾವ, ಈ ಫೋನಿಗೆ ಸಿಗಲಿಲ್ಲ!" ಎನ್ನುತ್ತ ನನ್ನನ್ನೂ ಆಟೋನಗರದಲ್ಲಿದ್ದ ಆ ಪಾರ್ಸೆಲ್ ಕಂಪನಿಯ ಕಚೇರಿಗೆ ಕರೆದೊಯ್ದಳು.

ಟೋಪಿ ಧರಿಸಿ ಕುಳಿತಿದ್ದ ಅಧಿಕಾರಿ ತೆಲುಗಿನಲ್ಲಿ, "ಫೋಟೋದಲ್ಲಿರೋ ಕೂದಲು ಎಲ್ಲಮ್ಮಾ?" ಎಂದ.

"ತಿರುಪತಿಯಲ್ಲಿದೆ, ಹೋಗಿ ನೋಡ್ಕೊಂಡು ಬನ್ನಿ ಸಾರ್."

ಅವನು ನಗು ತಡೆಯಲಾರದೆ ಟೋಪಿ ತೆಗೆದ. ಅವನ ತಲೆಯೂ ನುಣ್ಣಗಿತ್ತು! "ಮುಖ ನೋಡಿ ಬಾಗಿಲು ತೆಗೆಯೋ ಹಾಜರಿ ಯಂತ್ರ ನನಗೂ ತೆಗೀತಿಲ್ಲಮ್ಮಾ. ಹಿಂದಿನ ಬಾಗಿಲಿಂದ ಬಂದು ಕೂತಿದ್ದೀನಿ."

ಇಬ್ಬರೂ ಅಲ್ಲಿಯೇ ಹೊಸ ಫೋಟೋ ತೆಗೆಸಿಕೊಂಡರು. ಆ ಎರಡು ಮುಖಗಳೂ ಅಂಗೀಕೃತವಾದದ್ದು 2024ರ ಆಗಸ್ಟ್ 12, ಸೋಮವಾರ.